ಕಿರಾಯಿ ಮನಿ ಅದೇನ್ರಿ? ಕಲಬುರಗಿ, ಕಮಲಾಪುರದಲ್ಲಿ ಬಾಡಿಗೆ ಮನೆ ಮಾಡೋರಿಗೆ ಒಂದಿಷ್ಟು ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿ ಉಳಿಸಿಕೊಂಡು ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ಬಾಡಿಗೆ ಮನೆ. ನಮ್ಮ ಕಡೆ ಮಾತಲ್ಲಿ ಹೇಳಬೇಕಂದ್ರೆ ಕಿರಾಯಿ ಮನಿ. ಮೊದಲು ಒಂದು ಸಂಸಾರ ನಿಮ್ಮ ಕಣ್ಣಮುಂದೆ ಇಟ್ಕೊಳ್ಳಿ. ಗಂಡನಿಗೆ ಬೀದರ್ ವಾಯುಪಡೆ ನೆಲೆಯಲ್ಲಿ ಕೆಲಸ. ಹೆಂಡತಿಗೆ ಕಮಲಾಪುರದಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಹೆಂಡತಿಯ ತಮ್ಮ ಕಲಬುರಗಿಯಲ್ಲಿ ಓದ್ತಿದ್ದಾನೆ. ಈ ಮೂವರಿಗೂ ಮನೆ ಬೇಕು. ಒಂದೇ ಮನೆ ಸಾಕಾ, ಎರಡು ಬೇಕಾ? ಮಾಡೋದಾದ್ರೆ ಯಾವ ಊರಲ್ಲಿ? ಅಡ್ವಾನ್ಸ್ ಕೊಟ್ಟ ಮೇಲೆ ಅದು ವಾಪಸ್ ಬರುತ್ತಾ? ಬೀದರ್ ಮತ್ತು ಕಲಬುರಗಿ ನಡುವಿನ ಈ ದಾರಿಯಲ್ಲಿ ಇಂಥ ಸಂಸಾರಗಳು ಬೇಕಾದಷ್ಟಿವೆ. ಊರು ಆರಿಸೋದರಿಂದ ಹಿಡಿದು ಮನೆ ಖಾಲಿ ಮಾಡೋವರೆಗೆ ಒಂದೊಂದಾಗಿ ನೋಡೋಣ.

ಮಿಲಿಟರಿ ನೆಲೆ ಇರೋ ಊರಲ್ಲಿ ಬಾಡಿಗೆ ಹೇಗೆ ನಡೆಯುತ್ತೆ?

ಕಲಬುರಗಿಯಲ್ಲಿ ಬೆಳಗಾವಿಯ ಕ್ಯಾಂಪ್ ಥರದ ದಂಡು ಪ್ರದೇಶ ಇಲ್ಲ. ನಮಗೆ ಹತ್ತಿರದ ದೊಡ್ಡ ನೆಲೆ ಅಂದ್ರೆ ಬೀದರ್ ವಾಯುಪಡೆ ನಿಲ್ದಾಣ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಶುರುವಾದದ್ದು. ಯುದ್ಧವಿಮಾನದ ಪೈಲಟ್‌ಗಳಿಗೆ ಅಲ್ಲಿ ತರಬೇತಿ ಕೊಡ್ತಾರೆ. ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲೇ. 2008ರಿಂದ ಹಾಕ್ ತರಬೇತಿ ವಿಮಾನಗಳು ಅಲ್ಲಿ ಹಾರ್ತಿವೆ. 2020ರಿಂದ ಪ್ರಯಾಣಿಕರ ವಿಮಾನಗಳೂ ಅದೇ ರನ್‌ವೇ ಬಳಸೋಕೆ ಶುರು ಮಾಡಿದವು.

ನೆಲೆ ಇರೋ ಊರಲ್ಲಿ ಬಾಡಿಗೆ ಮಾರುಕಟ್ಟೆಗೆ ಒಂದು ಗುಣ ಬಂದುಬಿಡುತ್ತೆ. ಒಳಗೆ ಕ್ವಾರ್ಟರ್ಸ್ ಖಾಲಿ ಇಲ್ಲದಾಗ ಸಂಸಾರ ಕರ್ಕೊಂಡು ಬಂದವರು ಹೊರಗೆ ಮನೆ ನೋಡ್ತಾರೆ. ಬರೋರು ಕೆಲವು ವರ್ಷ ಇದ್ದು ವರ್ಗವಾಗಿ ಹೋಗ್ತಾರೆ. ಇನ್ನೊಬ್ಬರು ಬರ್ತಾರೆ. ಸಂಬಳ ತಪ್ಪಲ್ಲ. ಕೈಯಲ್ಲಿ ಇಲಾಖೆಯ ಗುರುತಿನ ಚೀಟಿ ಇರುತ್ತೆ. ಹರಿಯಾಣದವರೋ ಕೇರಳದವರೋ ಅನ್ನೋದು ಮಾಲೀಕರಿಗೆ ಎರಡನೇ ಪ್ರಶ್ನೆ. ನೌಕರಿಯೇ ಜಾಮೀನು ನಿಂತುಬಿಡುತ್ತೆ. ಅದೇ ಊರಿನ ಕೆಲಸ ಹುಡುಕ್ತಿರೋ ಹುಡುಗನಿಗೆ ಅದೇ ಮಾಲೀಕರು ಮನೆ ಕೊಡಬೇಕಂದ್ರೆ ಯೋಚನೆ ಮಾಡ್ತಾರೆ. ನೆಲೆ ಇರೋ ಊರಲ್ಲಿ ಸ್ಥಳೀಯ ಬ್ಯಾಚುಲರ್‌ಗಳಿಗೆ ಮನೆ ಸಿಗೋದು ಕಷ್ಟ ಆಗೋದಕ್ಕೆ ಇದೂ ಒಂದು ಕಾರಣ.

ನೆಲೆಯ ಹತ್ತಿರ ಇರೋರಿಗೆ ಇನ್ನೆರಡು ಮಾತು. ಒಂದು, 1923ರ ಅಧಿಕೃತ ರಹಸ್ಯ ಕಾಯ್ದೆ ಪ್ರಕಾರ ವಾಯುಪಡೆ ನೆಲೆ ನಿಷೇಧಿತ ಸ್ಥಳ. ಮಾಳಿಗೆ ಮೇಲೆ ನಿಂತು ಕಾಂಪೌಂಡಿನ ಒಳಗಿನ ವಿಡಿಯೊ ತೆಗೆದು ರೀಲ್ ಹಾಕೋದು, ಡ್ರೋನ್ ಬಿಡೋದು ಬೇಡ. ಎರಡು, ರಕ್ಷಣಾ ನೆಲೆಗೆ ಅಂಟಿಕೊಂಡ ಜಾಗದಲ್ಲಿ ಕಟ್ಟಡ ಕಟ್ಟೋದಕ್ಕೆ 1903ರ ಕಾಯ್ದೆ ಅಡಿ ನಿರ್ಬಂಧ ಹಾಕೋ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಹಾಗಾಗಿ ಬೇಲಿ ಪಕ್ಕದ ಹೊಸ ಕಟ್ಟಡದಲ್ಲಿ ಬಾಡಿಗೆ ಸ್ವಲ್ಪ ಕಮ್ಮಿ ಅಂತ ಕಂಡರೆ, ಕಟ್ಟೋಕೆ ಪರವಾನಗಿ ಇದೆಯಾ ಅಂತ ಕೇಳಿಕೊಳ್ಳಿ. ಕಟ್ಟಡಕ್ಕೆ ನೋಟಿಸ್ ಬಂದ್ರೆ ಮೊದಲು ಸಾಮಾನು ಹೊರಬೇಕಾಗೋದು ಬಾಡಿಗೆದಾರರೇ.

ಕಲಬುರಗಿಯ ಬಾಡಿಗೆದಾರರು ಯಾರು?

ಬೀದರ್‌ಗೆ ವಾಯುಪಡೆ ಹೇಗೋ ಕಲಬುರಗಿಗೆ ಕಾಲೇಜು, ಆಸ್ಪತ್ರೆ, ಕೋರ್ಟು, ಕಚೇರಿ ಹಾಗೆ. ಗುಲಬರ್ಗಾ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ. ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದರ ಕ್ಯಾಂಪಸ್ ಆಳಂದ ರಸ್ತೆಯ ಕಡಗಂಚಿ ಹತ್ತಿರ ಇದೆ. ಸೇಡಂ ರಸ್ತೆ ಕಡೆ ಇಎಸ್‌ಐಸಿ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜು ಇದೆ. 371(ಜೆ) ಬಂದ ಮೇಲೆ, ಅಂದ್ರೆ 2013ರಿಂದ ಈಚೆಗೆ, ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಇಲ್ಲಿಯವರಿಗೇ ಪಾಲು ಸಿಗ್ತಿದೆ. ಅದಕ್ಕೆ ತಯಾರಿ ನಡೆಸೋ ಹುಡುಗ ಹುಡುಗಿಯರು ಚಿಂಚೋಳಿ, ಅಫಜಲಪುರ, ಯಾದಗಿರಿ, ಬೀದರ್ ಕಡೆಯಿಂದ ಬಂದು ಇಲ್ಲೇ ರೂಮು ಮಾಡ್ತಾರೆ.

ಹಾಗಾಗಿ ಕಲಬುರಗಿಯಲ್ಲಿ ಎಲ್ಲಿ ಮನೆ ನೋಡಬೇಕು ಅನ್ನೋದನ್ನ ನೀವು ದಿನಾ ಯಾವ ರಸ್ತೆ ಹಿಡಿಯಬೇಕು ಅನ್ನೋದು ತೀರ್ಮಾನ ಮಾಡಬೇಕು. ಕಡಗಂಚಿಗೆ ಹೋಗೋರು ಆಳಂದ ರಸ್ತೆ ಕಡೆ, ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯದ ಕಡೆಯವರು ಸೇಡಂ ರಸ್ತೆ ಸುತ್ತಮುತ್ತ, ಕಮಲಾಪುರ ಅಥವಾ ಹುಮನಾಬಾದ್ ಕಡೆ ಹೋಗೋರು ಹುಮನಾಬಾದ್ ರಿಂಗ್ ರೋಡ್ ಹತ್ತಿರ ನೋಡಿದ್ರೆ ದಿನಕ್ಕೆ ಅರ್ಧ ಗಂಟೆಯಾದ್ರೂ ಉಳಿಯುತ್ತೆ. ಸ್ಟೇಷನ್ ಕಡೆ ಮನೆ ಚೆನ್ನಾಗಿದೆ ಅಂತ ಮಾಡ್ಕೊಂಡು, ದಿನಾ ಬೆಳಗ್ಗೆ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಆಟೊದೊಳಗೆ ಕೂತು ಬೈಕೊಳ್ಳೋರನ್ನ ನಾನು ಸಾಕಷ್ಟು ನೋಡಿದೀನಿ.

ಕಮಲಾಪುರದಲ್ಲಿ ಇರೋದಾ, ಓಡಾಡೋದಾ?

ಕಮಲಾಪುರ ಅಂದ ಕೂಡಲೆ ಎಲ್ಲರಿಗೂ ನೆನಪಾಗೋದು ಕೆಂಪು ಬಾಳೆಹಣ್ಣು. ಅದಕ್ಕೆ ಜಿಐ ಟ್ಯಾಗ್ ಇದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35ರಿಂದ 40 ಕಿಲೋಮೀಟರ್. 2017-18ರಲ್ಲಿ ಹೊಸ ತಾಲೂಕುಗಳಾದಾಗ ಕಮಲಾಪುರವೂ ತಾಲೂಕು ಆಯಿತು. ತಾಲೂಕು ಆದ್ರೆ ತಹಶೀಲ್ದಾರ್ ಕಚೇರಿ, ಅದರ ಹಿಂದೆ ಬೇರೆ ಬೇರೆ ಇಲಾಖೆ, ಅವುಗಳ ಸಿಬ್ಬಂದಿ ಬರ್ತಾರೆ. ಆದ್ರೆ ಬಾಡಿಗೆಗೆ ಅಂತಲೇ ಕಟ್ಟಿದ ಮನೆಗಳು ಆ ವೇಗದಲ್ಲಿ ಏಳಲ್ಲ. ಸಣ್ಣ ಊರಲ್ಲಿ ಜನ ತಮಗಿರೋಕೆ ಮನೆ ಕಟ್ಟಿಕೊಳ್ತಾರೆ. ಮೇಲೊಂದು ರೂಮು, ಪಕ್ಕದಲ್ಲೊಂದು ಖೋಲಿ ಉಳಿದ್ರೆ ಬಾಡಿಗೆಗೆ ಕೊಡ್ತಾರೆ.

ಅಲ್ಲಿ ಟು ಲೆಟ್ ಬೋರ್ಡು ನೋಡ್ಕೊಂಡು, ಆ್ಯಪ್ ತೆಗೆದು ಮನೆ ಹುಡುಕಿದ್ರೆ ಸಿಗೋದು ಕಷ್ಟ. ಕಿರಾಣಿ ಅಂಗಡಿಯವರು, ಔಷಧ ಅಂಗಡಿಯವರು, ಶಾಲೆಯ ಮೇಷ್ಟ್ರು, ನಿಮ್ಮ ಕಚೇರಿಯ ಹಳೇ ಜವಾನರು, ಇವರೇ ನಿಮ್ಮ ಬ್ರೋಕರ್. ಕೆಲಸಕ್ಕೆ ಸೇರಿದ ದಿನವೇ ನಾಲ್ಕು ಜನರ ಕಿವಿಗೆ ಹಾಕಿಡಿ. ವಾರದಲ್ಲಿ ಯಾರಾದ್ರೂ ಬಂದು, "ಮೇಡಮ್, ನಮ್ಮ ಕಾಕಾನ ಮನಿ ಖಾಲಿ ಅದ, ನೋಡ್ತೀರೇನು?" ಅಂತ ಕೇಳ್ತಾರೆ.

ಈಗ ಓಡಾಟದ ಲೆಕ್ಕ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂತು. ಮಹಿಳೆಯರಿಗೆ ಸಾರಿಗೆ ನಿಗಮದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಲ್ಲಿ ರಾಜ್ಯದೊಳಗೆ ಟಿಕೆಟ್ ಹಣ ಇಲ್ಲ. ಇದು ಬಾಡಿಗೆ ಲೆಕ್ಕವನ್ನೇ ಬದಲು ಮಾಡಿತು. ಮೊದಲು ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಹೋಗಿ ಬರೋ ಶಿಕ್ಷಕಿ ಅಥವಾ ನರ್ಸ್ ಬಸ್ ಖರ್ಚು ಮತ್ತು ಕಮಲಾಪುರದ ಬಾಡಿಗೆ ಪಕ್ಕಪಕ್ಕ ಇಟ್ಟು ನೋಡ್ತಿದ್ರು. ಈಗ ಅವರು ನೋಡಬೇಕಿರೋದು ಸಮಯ ಮತ್ತು ದಣಿವು ಮಾತ್ರ. ಅವರ ಜೊತೆ ಅದೇ ಕೆಲಸ ಮಾಡೋ ಗಂಡಸರಿಗೆ ಹಳೇ ಲೆಕ್ಕವೇ ಉಳಿದಿದೆ. ಶಕ್ತಿಗೆ ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು ಅನ್ನೋದು ನೆನಪಿರಲಿ. ಹೊರರಾಜ್ಯದಿಂದ ಮದುವೆಯಾಗಿ ಬಂದವರು, ವಾಯುಪಡೆಯವರ ಮನೆಯವರು ಆಧಾರ್‌ನಲ್ಲಿ ವಿಳಾಸ ಬದಲಾಯಿಸದೆ ಇದ್ರೆ ಕಂಡಕ್ಟರ್ ಟಿಕೆಟ್ ಹರೀತಾರೆ.

ರೈಲೂ ಇದೆ. 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆ ಆಯಿತು. ಕಮಲಾಪುರ ಅದರ ಮೇಲಿನ ಒಂದು ನಿಲ್ದಾಣ. ಆದ್ರೆ ಬಸ್ಸಿದ್ದಷ್ಟು ರೈಲಿಲ್ಲ. ನಿಮ್ಮ ಡ್ಯೂಟಿ ಹೊತ್ತಿಗೆ ರೈಲು ಹೊಂದಿದ್ರೆ ಲಾಭ, ಇಲ್ಲದಿದ್ರೆ ರೈಲು ನಂಬಿ ಮನೆ ಮಾಡಬೇಡಿ.

ಹಾಗಾದ್ರೆ ಮೊದಲು ಹೇಳಿದ ಸಂಸಾರ ಏನು ಮಾಡಬೇಕು? ಕಮಲಾಪುರದಿಂದ ಬೀದರ್‌ಗೆ 70 ಕಿಲೋಮೀಟರ್ ಮೇಲೆ ಆಗುತ್ತೆ. ಗಂಡ ದಿನಾ ಓಡಾಡೋದು ಆಗದ ಮಾತು. ಬೀದರ್‌ನಲ್ಲಿ ಅವರಿಗೆ ಕ್ವಾರ್ಟರ್ಸ್ ಸಿಗೋ ಹಾಗಿದ್ರೆ ಅದನ್ನ ಬಿಡಬಾರದು. ಹೆಂಡತಿಗೆ ನೈಟ್ ಡ್ಯೂಟಿ ಇದ್ರೆ ಕಮಲಾಪುರದಲ್ಲೇ ಒಂದು ಖೋಲಿ ಬೇಕು, ಯಾಕಂದ್ರೆ ರಾತ್ರಿ ಹನ್ನೊಂದಕ್ಕೆ ಬಸ್ ಕಾಯೋ ಕೆಲಸ ಯಾರಿಗೂ ಬೇಡ. ಹಗಲು ಡ್ಯೂಟಿ ಮಾತ್ರ ಇದ್ರೆ ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಕಡೆ ಎರಡು ಖೋಲಿ ಮನೆ ಮಾಡಿ, ತಮ್ಮನ್ನೂ ಜೊತೆಗಿಟ್ಟುಕೊಂಡರೆ ಒಂದು ಬಾಡಿಗೆಯಲ್ಲಿ ಇಬ್ಬರ ಕೆಲಸ ಆಗುತ್ತೆ. ಮಕ್ಕಳಿದ್ರೆ ಶಾಲೆ ನೋಡಿ ತೀರ್ಮಾನ ಮಾಡಬೇಕು. ಆಗಲೂ ಬಹಳ ಜನ ಕಲಬುರಗಿಯನ್ನೇ ಆರಿಸ್ತಾರೆ.

ಮನೆ ನೋಡೋಕೆ ಮಧ್ಯಾಹ್ನ ಎರಡಕ್ಕೆ ಹೋಗಿ

ನಮ್ಮ ಕಡೆ ಮನೆಯ ನಿಜವಾದ ಗುಣ ಗೊತ್ತಾಗೋದು ಬೇಸಿಗೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟೋದು ಇಲ್ಲಿ ಹೊಸದೇನಲ್ಲ. ಕಮ್ಮಿ ಬಾಡಿಗೆಗೆ ಸಿಗೋ ರೂಮು ಸಾಮಾನ್ಯವಾಗಿ ಮೇಲಿನ ಅಂತಸ್ತಿನಲ್ಲಿ, ಆರ್‌ಸಿಸಿ ಸ್ಲ್ಯಾಬಿನ ಕೆಳಗೆ ಇರುತ್ತೆ. ಹಗಲೆಲ್ಲಾ ಕಾದ ಸ್ಲ್ಯಾಬು ರಾತ್ರಿಯೆಲ್ಲಾ ಶಾಖ ಬಿಡ್ತಾ ಇರುತ್ತೆ. ಫ್ಯಾನ್ ಹಾಕಿದ್ರೆ ಅದೇ ಬಿಸಿ ಗಾಳಿ ಕೆಳಗಿಳಿಯುತ್ತೆ. ಸಂಜೆ ತಂಪಾದ ಮೇಲೆ ಮನೆ ನೋಡಿದ್ರೆ ಇದ್ಯಾವುದೂ ತಿಳಿಯಲ್ಲ. ಅದಕ್ಕೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋಗಿ, ಒಳಗೆ ಹತ್ತು ನಿಮಿಷ ಸುಮ್ಮನೆ ಕೂತುಬಿಡಿ.

ಹಳೇ ಬಡಾವಣೆಗಳಲ್ಲಿ ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲದ ಮನೆಗಳು ಸಿಗ್ತವೆ. ನೋಡೋಕೆ ಹಳೇದು ಅನ್ಸಿದ್ರೂ ಬೇಸಿಗೆಗೆ ಅವೇ ಮೇಲು. ಇನ್ನು ಕೂಲರ್ ಇಡೋಕೆ ಜಾಗ ನೋಡಿ. ಕೂಲರ್‌ಗೆ ಹೊರಗಿನ ಗಾಳಿ ಬೇಕು, ಅಂದ್ರೆ ರಸ್ತೆ ಅಥವಾ ಅಂಗಳದ ಕಡೆ ಒಂದು ಕಿಟಕಿ ಬೇಕೇ ಬೇಕು. ದಿನಾ ನೀರೂ ಬೇಕು.

ಅಲ್ಲಿಂದ ನೀರಿನ ಮಾತು. ಕಲಬುರಗಿಗೆ ಕುಡಿಯೋ ನೀರು ಬರೋದು ಭೀಮಾ ಮತ್ತು ಬೆಣ್ಣೆತೊರಾ ಕಡೆಯಿಂದ. ವಿಶ್ವಬ್ಯಾಂಕ್ ನೆರವಿನಲ್ಲಿ ದಿನದ 24 ಗಂಟೆಯೂ ನೀರು ಕೊಡೋ ಪ್ರಯೋಗವನ್ನ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ಕಲಬುರಗಿಯ ಕೆಲವು ವಾರ್ಡುಗಳಲ್ಲೂ ಮಾಡಿದ್ರು. ಹಾಗಾಗಿ ಒಂದೇ ಊರಲ್ಲಿ ಒಂದು ಕಡೆ ನಳ ಸದಾ ಹರಿಯುತ್ತೆ, ಇನ್ನೊಂದು ಕಡೆ ಕೆಲವು ದಿನಕ್ಕೊಮ್ಮೆ ಬರುತ್ತೆ. "ನೀರಿಂದೇನ್ ತ್ರಾಸ ಇಲ್ರಿ" ಅಂತ ಮಾಲೀಕರು ಹೇಳೋದು ರೂಢಿ. ನೀವು ಮೂರು ಪ್ರಶ್ನೆ ಕೇಳಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತೆ? ಸಂಪು, ಟ್ಯಾಂಕು ಎಷ್ಟು ದೊಡ್ಡದು, ಎಷ್ಟು ಮನೆಗೆ? ಮೇ ತಿಂಗಳಲ್ಲಿ ಬೋರ್ ಬತ್ತಿದ್ರೆ ಟ್ಯಾಂಕರ್ ದುಡ್ಡು ಯಾರು ಕೊಡಬೇಕು? ಮೂರನೇ ಪ್ರಶ್ನೆಗೆ ಉತ್ತರ ಮೊದಲೇ ತಿಳಿದಿದ್ರೆ ಬೇಸಿಗೆಯ ಅರ್ಧ ಜಗಳ ತಪ್ಪುತ್ತೆ. ಮಾಲೀಕರ ಮಾತು ಕೇಳಿದ ಮೇಲೆ ಪಕ್ಕದ ಮನೆಯ ಬಾಡಿಗೆದಾರರನ್ನೂ ಒಮ್ಮೆ ಕೇಳಿ.

ಕರೆಂಟ್ ಬಿಲ್ಲು, ಗೃಹಜ್ಯೋತಿ

ಗೃಹಜ್ಯೋತಿ 2023ರ ಜುಲೈನಲ್ಲಿ ಶುರುವಾಯಿತು. ಬಾಡಿಗೆದಾರರಿಗೂ ಸಿಗುತ್ತೆ. ಆದ್ರೆ ಮೀಟರಿನ ಆರ್‌ಆರ್ ನಂಬರಿಗೆ ಒಬ್ಬರ ಆಧಾರ್ ಜೋಡಣೆ ಆಗಿರುತ್ತೆ. ನಿಮಗಿಂತ ಮುಂಚೆ ಇದ್ದವರು ಬಿಡಿಸಿಕೊಳ್ಳದೆ ಹೋಗಿದ್ರೆ ನಿಮಗೆ ತೊಡಕು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಅಂತ ಇದೆ, ಹಳಬರು ಅದನ್ನ ಮಾಡಿದ್ರೆ ಸಾಕು. ಮನೆ ಒಪ್ಪಿಕೊಳ್ಳೋ ಮೊದಲೇ ಇದನ್ನ ಮಾಲೀಕರಿಗೆ ಹೇಳಿ ಮಾಡಿಸಿಕೊಳ್ಳಿ. ನೀವು ಬಿಟ್ಟು ಹೋಗುವಾಗ ನಿಮ್ಮದನ್ನ ತಪ್ಪದೆ ಬಿಡಿಸಿ, ಇಲ್ಲದಿದ್ರೆ ಹೊಸ ಮನೆಯಲ್ಲಿ ನಿಮಗೇ ಸಿಗಲ್ಲ.

ಇನ್ನೊಂದು ತೊಡಕು ಸಬ್ ಮೀಟರ್. ಮೂರು ಮನೆಗೆ ಜೆಸ್ಕಾಂನ ಒಂದೇ ಮೀಟರ್ ಇದ್ದು, ಒಳಗೆ ಮಾಲೀಕರೇ ಸಬ್ ಮೀಟರ್ ಹಾಕಿರ್ತಾರೆ. ಆಗ ಮೂರೂ ಮನೆಯ ಬಳಕೆ ಒಂದೇ ಬಿಲ್ಲಿಗೆ ಸೇರುತ್ತೆ. ತಿಂಗಳಿಗೆ 200 ಯುನಿಟ್ ದಾಟಿದ್ರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ಮೂರು ಮನೆಯ ಫ್ಯಾನು, ಕೂಲರ್, ಫ್ರಿಜ್ ಸೇರಿದ್ರೆ ದಾಟೇ ದಾಟುತ್ತೆ. ನಿಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ ಇದೆಯಾ ಅಂತ ಕೇಳೋದು ಇದಕ್ಕೇ.

"ಯಾರ ಪೈಕಿ ನೀವು?"

ಈಗ ಕಷ್ಟದ ಭಾಗ. ಮನೆ ನೋಡಿ ಆಯ್ತು, ಬಾಡಿಗೆ ಒಪ್ಪಿಗೆ ಆಯ್ತು, ಚಹಾ ಬಂತು. ಆಗ ಮೆಲ್ಲಗೆ ಪ್ರಶ್ನೆಗಳು ಶುರುವಾಗ್ತವೆ. "ಯಾವ ಊರ್ರಿ ನಿಮ್ದು?" "ಮನ್ಯಾಗ ಯಾರ್ ಯಾರ್ ಇರ್ತೀರಿ?" "ಮದುವಿ ಆಗ್ಯಾದೇನು?" ಕೊನೆಗೆ ಅಡ್ಡಹೆಸರು, ಅಥವಾ ನೇರವಾಗಿ "ಯಾರ ಪೈಕಿ ನೀವು?" ಉತ್ತರ ಅವರಿಗೆ ಹಿಡಿಸದಿದ್ರೆ ಯಾರೂ ಬಾಯಿಬಿಟ್ಟು ಇಲ್ಲ ಅನ್ನಲ್ಲ. "ನಮ್ಮ ಮಗನ್ನ ಕೇಳಿ ಫೋನ್ ಮಾಡ್ತೀವಿ" ಅಂತಾರೆ. ಫೋನ್ ಬರಲ್ಲ. ಶರಣಬಸವೇಶ್ವರ ಗುಡಿಯೂ, ಬಂದೇನವಾಜರ ದರ್ಗಾವೂ, ಬುದ್ಧ ವಿಹಾರವೂ ಇರೋ ಊರಿನ ಮಾತು ಇದು.

ಬೀದರ್‌ನ ಸೈನಿಕರಿಗೆ ನೌಕರಿ ಜಾಮೀನು ನಿಲ್ಲುತ್ತೆ ಅಂದೆನಲ್ಲ, ಇಲ್ಲಿ ಹುಡುಗರಿಗೆ ಆ ಜಾಮೀನು ಇಲ್ಲ. ಆ ಜಾಗಕ್ಕೆ ಜಾತಿ, ಧರ್ಮ, ಪರಿಚಯ ಬಂದು ಕೂರ್ತವೆ. ಪರಿಚಯ ಇದ್ದವರಿಗೆ ಒಂದೇ ದಿನದಲ್ಲಿ ಮನೆ ಸಿಗುತ್ತೆ. ಇಲ್ಲದವರು ಒಂದು ತಿಂಗಳು ಲಾಡ್ಜಿನಲ್ಲೋ ಗೆಳೆಯರ ರೂಮಿನಲ್ಲೋ ದಿನ ತಳ್ತಾರೆ.

ಕಾನೂನು ಏನು ಹೇಳುತ್ತೆ? 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಲ್ಲಿ ಒಂದು ಸಾಲು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ, ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟೋದು, ಪಡೆಯೋದು, ವಾಸ ಮಾಡೋದರಿಂದ ತಡೆದ್ರೆ ಅದು ಅಪರಾಧ. ಹಾಗಾಗಿ ದಲಿತರು ಅನ್ನೋ ಕಾರಣ ಹೇಳಿ ಮನೆ ನಿರಾಕರಿಸೋದನ್ನ ಮಾಲೀಕರ ಸ್ವಂತ ಇಷ್ಟ ಅಂತ ಸುಮ್ಮನೆ ಬಿಡೋ ಹಾಗಿಲ್ಲ. ತೊಂದರೆ ಇರೋದು ಸಾಕ್ಷಿಯಲ್ಲಿ. ಕಾರಣವನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಮೆಸೇಜಿನಲ್ಲಿ, ಫೋನಿನಲ್ಲಿ ಹೇಳಿದ್ದಿದ್ರೆ ಅಳಿಸಬೇಡಿ. ಧರ್ಮ, ಊಟದ ಪದ್ಧತಿ ನೋಡಿ ಇಲ್ಲ ಅನ್ನೋ ಖಾಸಗಿ ಮಾಲೀಕರ ಮೇಲೆ ಇಷ್ಟು ನೇರವಾದ ಕಲಂ ಇಲ್ಲ. ಇದು ಕಾನೂನಿನ ದೊಡ್ಡ ಕೊರತೆ ಅಂತ ನನ್ನ ಅನಿಸಿಕೆ.

ಮಾಲೀಕರ ಕಡೆಯಿಂದಲೂ ಒಂದು ಮಾತು. ನಿವೃತ್ತ ಶಿಕ್ಷಕರು ಪಿಂಚಣಿ ದುಡ್ಡಲ್ಲಿ ಮೇಲೊಂದು ಮನೆ ಕಟ್ಟಿರ್ತಾರೆ. ಬಾಡಿಗೆದಾರ ಮೂರು ತಿಂಗಳು ದುಡ್ಡು ಕೊಡದೆ ಕೂತ್ರೆ ಅವರ ಔಷಧಕ್ಕೆ ಕಷ್ಟ. ಅವರ ಹೆದರಿಕೆ ಸುಳ್ಳಲ್ಲ. ಆದ್ರೆ ಅದಕ್ಕೆ ಉತ್ತರ ಸಂಬಳದ ಚೀಟಿ, ಕಾಲೇಜಿನ ಐಡಿ, ಊರಲ್ಲಿರೋ ತಂದೆಯ ಫೋನ್ ನಂಬರು ಮತ್ತು ಒಂದು ಸರಿಯಾದ ಕರಾರು ಪತ್ರ. ಇವನ್ನ ನೀವೇ ಮೊದಲು ಮುಂದಿಟ್ಟರೆ "ಯಾರ ಪೈಕಿ" ಅನ್ನೋ ಪ್ರಶ್ನೆ ಎಷ್ಟೋ ಕಡೆ ಹಿಂದೆ ಸರಿಯುತ್ತೆ. ಎಲ್ಲ ಕಡೆ ಸರಿಯುತ್ತೆ ಅಂತ ನಾನು ಹೇಳಲ್ಲ.

11 ತಿಂಗಳ ಕರಾರು ಯಾಕೆ?

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ 11 ತಿಂಗಳು ಅಂತ ಬರೀತಾರೆ. ಗುಟ್ಟು ಅಷ್ಟೇ. 11 ತಿಂಗಳು ಮುಗಿದ ಮೇಲೂ ನೀವು ಇದ್ದು, ಮಾಲೀಕರು ಬಾಡಿಗೆ ತಗೊಳ್ತಾ ಇದ್ರೆ, ಅದು ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ ಅಂತ ಲೆಕ್ಕ. ಬೇರೆ ಏನೂ ಬರೆದಿಲ್ಲದಿದ್ರೆ 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು, ನೀವೂ ಬಿಡಬಹುದು. ಇದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮಾತು.

ಬಾಡಿಗೆ ಕಾಯ್ದೆ ನಮ್ಮನ್ನ ಕಾಪಾಡಲ್ವಾ? ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. ಆದ್ರೆ ಅದು ಪಟ್ಟಿಯಲ್ಲಿರೋ ಊರುಗಳಿಗೆ ಮಾತ್ರ. ಊರಿನ ವರ್ಗ ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಅನ್ನೋ ಮಿತಿಯನ್ನೂ ಅದರಲ್ಲಿ ಇಟ್ಟರು. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಮನೆ ಅದರ ಹೊರಗೆ. ಇವತ್ತು 6,000 ರೂಪಾಯಿ ಕೊಡೋ ನಿಮಗೆ ಅದರ ರಕ್ಷಣೆ ಇಲ್ಲ ಅಂತಲೇ ತಿಳ್ಕೊಳ್ಳಿ. ಕೇಂದ್ರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದು, ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತು. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಲಾಗೂ ಆಗುತ್ತೆ.

ಅಂದ್ರೆ ನಿಮಗೂ ಮಾಲೀಕರಿಗೂ ನಡುವೆ ಗಟ್ಟಿಯಾಗಿ ನಿಲ್ಲೋದು ನೀವಿಬ್ಬರೂ ಸಹಿ ಮಾಡಿದ ಕಾಗದ ಒಂದೇ. ನಮ್ಮ ಕಡೆ ಕಾಗದ ಕೇಳಿದ್ರೆ "ನಮ್ಮ ಮ್ಯಾಲ ನಂಬಿಗಿ ಇಲ್ಲೇನ್ರಿ?" ಅಂತಾರೆ. ಅದಕ್ಕೆ ನಗುತ್ತಾ, "ನಂಬಿಗಿ ಅದರಿ, ಗೃಹಜ್ಯೋತಿಗೆ ಕೇಳ್ತಾರ್ರಿ" ಅನ್ನಿ. ಅದು ನಿಜವೂ ಹೌದು, ಬಾಡಿಗೆದಾರರು ಅರ್ಜಿ ಹಾಕೋಕೆ ಕರಾರು ಪತ್ರ ಉಪಯೋಗಕ್ಕೆ ಬರುತ್ತೆ.

ಕಾಗದದಲ್ಲಿ ಇವು ಇರಲಿ. ಅಡ್ವಾನ್ಸ್ ಎಷ್ಟು, ಮನೆ ಬಿಟ್ಟ ಮೇಲೆ ಎಷ್ಟು ದಿನದಲ್ಲಿ ವಾಪಸ್. ಬಣ್ಣ ಬಳಿಸೋ ಖರ್ಚು ಯಾರದು, ಎಷ್ಟು. ನೀರು, ಟ್ಯಾಂಕರ್, ಮೋಟಾರ್ ರಿಪೇರಿ ಯಾರದು. ಬಾಡಿಗೆ ಯಾವಾಗ ಏರುತ್ತೆ, ಎಷ್ಟು. ಇನ್ನೊಂದು, ಸೈನ್ಯದವರಿಂದ ನಾವೆಲ್ಲ ಕಲಿಯಬಹುದಾದದ್ದು, ವರ್ಗಾವಣೆ ಷರತ್ತು. ವರ್ಗಾವಣೆ ಆದೇಶ ಬಂದ್ರೆ ಅಥವಾ ಕೋರ್ಸ್ ಮುಗಿದ್ರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಅಡ್ವಾನ್ಸ್ ಕಡಿಯಬಾರದು ಅಂತ ಒಂದು ಸಾಲು. ವಿದ್ಯಾರ್ಥಿಗಳಿಗೂ, ಹೊಸ ನೌಕರರಿಗೂ ಇದು ಬಹಳ ಮುಖ್ಯ.

ಆಧಾರ್ ಪ್ರತಿ ಕೇಳಿದ್ರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ, ಯುಐಡಿಎಐ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡಬಹುದು. ಬಾಡಿಗೆ, ಅಡ್ವಾನ್ಸ್ ಎರಡನ್ನೂ ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲೇ ಕಳಿಸಿ, ಯಾವ ತಿಂಗಳದ್ದು ಅಂತ ಬರೀರಿ. ನಗದೇ ಬೇಕು ಅಂದ್ರೆ ಪಾವತಿ ಚೀಟಿ ಕೇಳಿ. ಅದೂ ಇಲ್ಲ ಅಂದ್ರೆ ಆಗಲೇ ವಾಟ್ಸಾಪ್‌ನಲ್ಲಿ "ಅಣ್ಣಾರೆ, ಜೂನ್ ಬಾಡಿಗಿ 6,000 ಕೊಟ್ಟೀನಿ" ಅಂತ ಹಾಕಿ. ಅವರು ಹ್ಞೂಂ ಅಂದ್ರೆ ಅದೇ ರಸೀದಿ.

ಬಿಡೋ ದಿನ

ಅಡ್ವಾನ್ಸ್ ಜಗಳ ಆಗೋದು ಬಿಡೋ ದಿನ, ಆದ್ರೆ ಅದರ ತಯಾರಿ ಸೇರೋ ದಿನವೇ ಆಗಬೇಕು. ಸಾಮಾನು ಇಳಿಸೋ ಮೊದಲು ಇಡೀ ಮನೆಯ ವಿಡಿಯೊ ತೆಗೀರಿ. ಗೋಡೆ, ನಳ, ಸ್ವಿಚ್ಚು, ಸೋರಿದ ಕಲೆ ಎಲ್ಲಾ. ಅದನ್ನ ಅವತ್ತೇ ಮಾಲೀಕರಿಗೆ ಕಳಿಸಿ. ಎರಡು ವರ್ಷದ ಮೇಲೆ "ಈ ಬಿರುಕು ನೀವೇ ಮಾಡಿದ್ದು" ಅಂದ್ರೆ ತೋರ್ಸೋಕೆ ಒಂದು ಆಧಾರ ಇರುತ್ತೆ. ಬಿಡುವಾಗ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಕಟ್ಟಿದ ರಸೀದಿ ಜೊತೆಗೇ ಬೀಗದ ಕೈ ಕೊಡಿ.

ಒಂದು ವೇಳೆ ಮಾಲೀಕರು ಸಿಟ್ಟಿಗೆದ್ದು ಬೀಗ ಹಾಕಿದ್ರೆ, ಸಾಮಾನು ಹೊರಗಿಟ್ಟರೆ? ಕರಾರು ಇರಲಿ, ಮುಗಿದಿರಲಿ, ಕಾನೂನಿನ ದಾರಿ ಬಿಟ್ಟು ಬಲವಂತವಾಗಿ ಹೊರಗೆ ಹಾಕೋ ಹಾಗಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತೆ. ಸಹಾಯವಾಣಿ 15100. ಅಡ್ವಾನ್ಸ್ ವಾಪಸ್ ಥರದ ಜಗಳಗಳನ್ನ ಅಲ್ಲಿ ಎರಡೂ ಕಡೆಯವರನ್ನ ಕೂರಿಸಿ ರಾಜಿ ಮಾಡಿಸೋ ದಾರಿಯೂ ಇದೆ. ಒಂದು ತಿಂಗಳ ಸಂಬಳದಷ್ಟು ದುಡ್ಡನ್ನ "ಹೋಗ್ಲಿ ಬಿಡು" ಅಂತ ಬಿಟ್ಟುಬರೋ ಮೊದಲು ಒಂದು ಫೋನ್ ಮಾಡಿ ನೋಡಿ.

ಈ ವಾರ ಮನೆ ನೋಡೋಕೆ ಹೊರಟಿರೋರಿಗೆ ಕೊನೇ ಮಾತು. ಕರಾರು ಪತ್ರದ ನಮೂನೆಯನ್ನ ಇವತ್ತೇ ಕನ್ನಡದಲ್ಲಿ ಬರೆದು ಫೋನಲ್ಲಿ ಇಟ್ಕೊಳ್ಳಿ. ಮನೆ ಒಪ್ಪಿಗೆ ಆದ ದಿನ ಗಡಿಬಿಡಿಯಲ್ಲಿ ಟೈಪಿಂಗ್ ಅಂಗಡಿಯವರು ಕೊಟ್ಟ ಹಳೇ ಇಂಗ್ಲಿಷ್ ನಮೂನೆಗೆ ಓದದೆ ಸಹಿ ಹಾಕೋದು ತಪ್ಪುತ್ತೆ. ನಿಮ್ಮ ಊರಿನ ಬಾಡಿಗೆ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಸ್ಟೆಲ್ ಮತ್ತು ಪಿಜಿ ವಿಷಯ ತಗೊಳ್ಳೋಣ.